ಅಪ್ಪನ ರಿಸೀವರ್, ನನ್ನ ಮಾರ್ಷಲ್

ನಮ್ಮ ಮನೆಗೆ ಫೋನ್ ಬರುವುದಕ್ಕೆ ಎಷ್ಟೋ ವರ್ಷ ಮೊದಲೇ ಫೋನಿನ ರಿಸೀವರ್ ಬಂದಿತ್ತು. ಕಪ್ಪು ಬೇಕಲೈಟಿನದು, ಹಿಡಿದರೆ ಕೈತುಂಬ ಭಾರ, ಕೆಳಗೆ ಜೋತುಬಿದ್ದ ವೈರು. ಅಪ್ಪ ಅದನ್ನು ಶಿವಾಜಿನಗರದ ಗುಜರಿ ಅಂಗಡಿಯಲ್ಲಿ ಕೊಂಡು ತಂದಿದ್ದರು. ದಿನವೂ ಕಾರ್ಖಾನೆಯಲ್ಲಿ ನೋಡುವ ಸಾಮಾನನ್ನು ದುಡ್ಡು ಕೊಟ್ಟು ತರುವುದುಂಟೇ ಎಂದು ಅಮ್ಮ ಕೇಳಿದರೆ, "ಹುಡುಗನಿಗೆ ಬಿಚ್ಚಿ ತೋರಿಸೋಣ ಅಂತ" ಎಂದರು.

ಅಪ್ಪ ಐಟಿಐನವರು. ಕೆ.ಆರ್. ಪುರದ ಮಗ್ಗುಲಿನ ದೂರವಾಣಿನಗರದಲ್ಲಿ 1948ರಲ್ಲಿ ಶುರುವಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಸ್ವತಂತ್ರ ಭಾರತದ ಮೊದಲ ಸಾರ್ವಜನಿಕ ಉದ್ಯಮ ಎನ್ನುವುದನ್ನು ನಮ್ಮ ಕಾಲೊನಿಯ ಮಕ್ಕಳೆಲ್ಲ ಒಂದನೇ ಕ್ಲಾಸಿನಲ್ಲೇ ಬಾಯಿಪಾಠ ಒಪ್ಪಿಸುತ್ತಿದ್ದೆವು. ದೇಶದ ಮನೆಮನೆಯ ಟೆಲಿಫೋನು ನಮ್ಮಪ್ಪಂದಿರ ಕೈಯಿಂದ ಹೋದದ್ದು ಎಂಬ ಹೆಮ್ಮೆ ನಮಗಿತ್ತು. ಅಪ್ಪ ಇದ್ದದ್ದು ಟೆಸ್ಟಿಂಗ್‌ನಲ್ಲಿ. ಲೈನಿಗೆ ಒಂದೊಂದೇ ಸ್ವರ ಕಳಿಸಿ ಆ ಕಡೆ ಎಷ್ಟು ಬಂತು ಎಂದು ಅಳೆಯುವುದು ಅವರ ಕೆಲಸ.

ಆ ಭಾನುವಾರ ಅವರು ರಿಸೀವರಿನ ಎರಡೂ ಮುಚ್ಚಳ ತಿರುಗಿಸಿ ತೆಗೆದರು. ಬಾಯಿಯ ಕಡೆ ಒಂದು ಪುಟ್ಟ ಡಬ್ಬಿ. ಅಲ್ಲಾಡಿಸಿದರೆ ಗಿಲಕಿಯ ಹಾಗೆ ಸದ್ದು. "ಇದರೊಳಗೆ ಇರೋದು ಇದ್ದಿಲ ಹರಳು. ಮಾತಾಡಿದಾಗ ಒತ್ತಿಕೊಳ್ತವೆ, ಬಿಟ್ಟುಕೊಳ್ತವೆ, ಅದರಂತೆ ಕರೆಂಟು ಏರಿಳಿಯುತ್ತೆ." ಕಿವಿಯ ಕಡೆ ಒಂದು ಅಯಸ್ಕಾಂತ, ಅದರ ಮೇಲೆ ತೆಳ್ಳನೆಯ ಲೋಹದ ಬಿಲ್ಲೆ. ಆಮೇಲೆ ಅವರು ಹೇಳಿದ ಎರಡು ಅಂಕಿಗಳು ಇವತ್ತಿಗೂ ನನ್ನ ಜೊತೆಗಿವೆ. 300 ಮತ್ತು 3,400. ಫೋನಿನ ಲೈನು ಸೆಕೆಂಡಿಗೆ 300 ಕಂಪನಕ್ಕಿಂತ ಕೆಳಗಿನದನ್ನೂ 3,400ಕ್ಕಿಂತ ಮೇಲಿನದನ್ನೂ ದಾಟಿಸುವುದಿಲ್ಲ. "ಗಂಡಸಿನ ದನಿಯ ಮೂಲ ಸ್ವರ ನೂರು, ನೂರಿಪ್ಪತ್ತರ ಹತ್ತಿರ ಇರುತ್ತೆ. ಅದನ್ನೇ ನಾವು ಬಿಟ್ಟುಬಿಡ್ತೀವಿ. ಆದ್ರೂ ನಿಮ್ಮ ಮಾವ ಮಾತಾಡಿದ್ರೆ ಮಾವ ಅಂತ ಗೊತ್ತಾಗಲ್ವಾ? ಮನುಷ್ಯ ಇರೋದು ಮಧ್ಯದಲ್ಲಿ ಕಣೋ." ನನಗಾಗ ಒಂಬತ್ತೋ ಹತ್ತೋ ವರ್ಷ. ಅರ್ಥವಾದದ್ದಕ್ಕಿಂತ ಆ ಗಿಲಕಿಯ ಡಬ್ಬಿ ಹೆಚ್ಚು ಇಷ್ಟವಾಯಿತು.

ಹೆವಿ ಮೆಟಲ್ ಸಂಗೀತ ನಮ್ಮ ಕಾಲೊನಿಗೆ ಬಂದದ್ದು 1995ರ ಸುಮಾರಿಗೆ, ಕ್ಯಾಸೆಟ್ಟಿನಲ್ಲಿ. ಪಕ್ಕದ ಬ್ಲಾಕಿನ ಅಣ್ಣನೊಬ್ಬ ಕಂಟೋನ್ಮೆಂಟಿನ ಕಾಲೇಜಿಗೆ ಸೇರಿದ. ದಿನಾ ಬಸ್ಸಿನಲ್ಲಿ ಶಿವಾಜಿನಗರಕ್ಕೆ ಹೋಗಿ ಬರುವವನ ಚೀಲದಲ್ಲಿ ನೋಟ್ಸಿನ ಜೊತೆಗೆ ಬ್ಲ್ಯಾಕ್ ಸಬ್ಬತ್, ಐರನ್ ಮೇಡನ್, ಮೆಟಾಲಿಕಾ ಬ್ಯಾಂಡುಗಳ ಕ್ಯಾಸೆಟ್ಟು. ಒಂದರಿಂದ ಇನ್ನೊಂದಕ್ಕೆ ಕಾಪಿಯಾಗಿ ನಮ್ಮ ಕೈಗೆ ಬರುವ ಹೊತ್ತಿಗೆ ಆ ಕ್ಯಾಸೆಟ್ಟುಗಳಲ್ಲಿ ಅರ್ಧ ಸಂಗೀತ, ಅರ್ಧ ಬುಸುಗುಡುವ ಸದ್ದು. ಅಷ್ಟಾದರೂ ಆ ಗಿಟಾರಿನ ದನಿ ಎದೆಗೆ ನಾಟಿತು. ಮೊದಲ ಸಲ ಕೇಳಿದಾಗ ಅದು ತಂತಿಯಿಂದ ಹುಟ್ಟಿದ ಸದ್ದು ಎಂದು ನಂಬಲಾಗಲಿಲ್ಲ. ಐಟಿಐನ ಪ್ರೆಸ್ ಶಾಪಿನ ಪಕ್ಕ ನಡೆದುಹೋದಾಗ ಕಾಲಿನಿಂದ ಹತ್ತುತ್ತಿದ್ದ ಅದುರು ನೆನಪಾಯಿತು.

ಆ ಹೋಲಿಕೆ ನನ್ನ ಕಲ್ಪನೆಯಲ್ಲ ಎಂದು ಗೊತ್ತಾದದ್ದು ಮುಂದೆ. ಸಬ್ಬತ್‌ನ ಗಿಟಾರ್ ವಾದಕ ಟೋನಿ ಐಯೋಮಿ ಬರ್ಮಿಂಗ್‌ಹ್ಯಾಮಿನ ಕಾರ್ಖಾನೆ ಕೆಲಸಗಾರ. 1965ರಲ್ಲಿ, ಕೆಲಸದ ಕೊನೆಯ ದಿನ, ತಗಡಿನ ಮಿಷನ್ನಿಗೆ ಸಿಕ್ಕು ಬಲಗೈಯ ಎರಡು ಬೆರಳ ತುದಿ ಹೋದವು. ಎಡಚ ಅವರು, ತಂತಿ ಒತ್ತುವುದೇ ಬಲಗೈಯಲ್ಲಿ. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡು, ತೆಳು ತಂತಿ ಕಟ್ಟಿ, ಆಮೇಲೆ ಶ್ರುತಿಯನ್ನೇ ಇಳಿಸಿ ಸಡಿಲ ಮಾಡಿಕೊಂಡು ನುಡಿಸಿದರು. 1971ರ 'ಮಾಸ್ಟರ್ ಆಫ್ ರಿಯಾಲಿಟಿ' ಆಲ್ಬಮ್ಮಿನ ಹೊತ್ತಿಗೆ ಒಂದೂವರೆ ಸ್ವರದಷ್ಟು ಕೆಳಗಿಳಿದಿತ್ತು ಆ ಗಿಟಾರು. ಈ ಸಂಗತಿಯನ್ನು ಅಪ್ಪನಿಗೆ ಹೇಳಿದಾಗ ಅವರು ಬಹಳ ಹೊತ್ತು ಸುಮ್ಮನಿದ್ದರು. ಬೆರಳು ಕಳೆದುಕೊಂಡ ಸಹೋದ್ಯೋಗಿಗಳನ್ನು ಅವರು ಕಂಡಿದ್ದರು. ಅವತ್ತಿನಿಂದ ನನ್ನ ಸಂಗೀತವನ್ನು ಅವರು "ಗಲಾಟೆ" ಎಂದದ್ದಿಲ್ಲ.

ನಾನೂ ಗಿಟಾರು ಹಿಡಿದಾಗ ನನ್ನ ಮೊದಲ ಆಂಪು, ಅಂದರೆ ಆಂಪ್ಲಿಫೈಯರ್, ಹಳೆಯದೊಂದು ಟ್ರಾನ್ಸಿಸ್ಟರ್ ಡಬ್ಬ, ಇಪ್ಪತ್ತು ವ್ಯಾಟಿನದು. ಅದರ ಮುಂದೆ ಸೀನಿಯರ್ ಒಬ್ಬನಿಂದ ಕೊಂಡ ಬಾಸ್ ಕಂಪನಿಯ ಮೆಟಲ್ ಝೋನ್ ಪೆಡಲು. ಆ ಪೆಡಲಿನಲ್ಲಿ ಮಧ್ಯದ ಸ್ವರಗಳಿಗೆ ಬೇರೆಯೇ ತಿರುಗಣೆ ಇದೆ. ಎಲ್ಲಿಯ ಮಧ್ಯ, ಎಷ್ಟು ಮಧ್ಯ ಎಂದು ಆರಿಸಿಕೊಳ್ಳಬಹುದು. ನಾನು ಆರಿಸಿಕೊಂಡದ್ದು ಸೊನ್ನೆ. ಬೇಸ್ ಪೂರಾ, ಟ್ರೆಬಲ್ ಪೂರಾ, ಮಧ್ಯ ಖಾಲಿ. ಕ್ವಾರ್ಟರ್ಸಿನ ಹತ್ತಡಿ ಕೋಣೆಯಲ್ಲಿ, ಪಕ್ಕದ ಮನೆಯವರಿಗೆ ಕೇಳಿಸದಷ್ಟು ಮೆಲ್ಲಗೆ ನುಡಿಸಿದಾಗ ಅದು ಕ್ಯಾಸೆಟ್ಟಿನ ಮೆಟಾಲಿಕಾದಂತೆಯೇ ಕೇಳುತ್ತಿತ್ತು. ಕೆಳಗೆ ಗುಡುಗು, ಮೇಲೆ ಗಾಜು ಗೀಚಿದ ಹರಿತ. ನನಗೆ ಬೇಕಾದದ್ದು ಸಿಕ್ಕಿತು ಎಂದು ಪೆಡಲಿನ ತಿರುಗಣೆಗಳಿಗೆ ಪೆನ್ನಿನಲ್ಲಿ ಗುರುತು ಹಾಕಿಟ್ಟುಕೊಂಡೆ.

1998ರಲ್ಲಿ ಕಾಲೇಜೊಂದರ ಹಬ್ಬದಲ್ಲಿ ನಮ್ಮ ಬ್ಯಾಂಡಿನ ಮೊದಲ ಕಾರ್ಯಕ್ರಮ. ಹಲಸೂರಿನ ತಮಿಳು ಮನೆಯ ಗೆಳೆಯ ಬೇಸ್, ಫ್ರೇಜರ್ ಟೌನಿನ ಹುಡುಗ ಡ್ರಮ್ಸ್, ನಾನು ಗಿಟಾರು. ಅದೇ ಗುರುತು, ಅದೇ ಸೆಟ್ಟಿಂಗು. ಮೊದಲ ಹಾಡಿನ ಎರಡನೇ ಸಾಲಿಗೆ ನನ್ನ ಕೈ ತಂತಿಯ ಮೇಲಿದೆ, ಕಿವಿಗೆ ಏನೂ ಬೀಳುತ್ತಿಲ್ಲ. ಸೌಂಡು ಹೆಚ್ಚಿಸಿದೆ. ಇನ್ನೂ ಹೆಚ್ಚಿಸಿದೆ. ಸಿಂಬಲ್ಲುಗಳ ಹಿಂದೆ ಎಲ್ಲೋ ಸೀಗಡಿ ಹುರಿದ ಹಾಗೆ ಚರಚರ ಎನ್ನುವುದು ಬಿಟ್ಟರೆ ಗಿಟಾರೇ ಇಲ್ಲ. ಮುಂದೆ ಕೂತವರು ನನ್ನ ಬೆರಳು ನೋಡುತ್ತಿದ್ದರು, ನಾನು ಅವರ ಮುಖ ನೋಡುತ್ತಿದ್ದೆ. ಇಳಿದು ಬಂದಮೇಲೆ ಯಾರೂ ಏನೂ ಅನ್ನಲಿಲ್ಲ. ಆ ಮೌನವೇ ಸಾಕಾಗಿತ್ತು. ರಾತ್ರಿ ಬಸ್ಸಿನಲ್ಲಿ ಹಳೆ ಮದ್ರಾಸ್ ರಸ್ತೆಯುದ್ದಕ್ಕೂ ಗಿಟಾರಿನ ಚೀಲ ಅಪ್ಪಿಕೊಂಡು ಅತ್ತಿದ್ದೆ.

ಗೆಳತಿಯೊಬ್ಬಳು ಅದನ್ನು ವಾಕ್‌ಮನ್‌ನಲ್ಲಿ ರೆಕಾರ್ಡ್ ಮಾಡಿದ್ದಳು. ಮೂರು ದಿನ ಬಿಟ್ಟು ಮನೆಯಲ್ಲಿ ಹಾಕಿ ಕೇಳುತ್ತಿದ್ದಾಗ ಅಪ್ಪ ಬಾಗಿಲಲ್ಲಿ ನಿಂತರು. ಕೊನೆತನಕ ಕೇಳಿ, "ಗಿಟಾರು ಮಾತಾಡ್ತಿಲ್ಲ" ಎಂದರು. ನಾನು ಪೆಡಲು ತಂದು ತೋರಿಸಿದೆ. ಅವರು ಕನ್ನಡಕ ಏರಿಸಿ ಅದರ ಮೇಲಿನ ಅಂಕಿಗಳನ್ನು ಓದಿದರು. "ಕೆಳಗಿನದು ನಿನ್ನ ಬೇಸಿನವನ ಜಾಗ. ಮೇಲಿನದು ಡ್ರಮ್ಮಿನವನ ತಾಳದ ಜಾಗ. ನಿನ್ನ ಜಾಗ ಯಾವುದೋ ಅದನ್ನೇ ನೀನು ಖಾಲಿ ಮಾಡಿದೀಯ." ಹಾಗಾದರೆ ನನ್ನ ಕೋಣೆಯಲ್ಲಿ ಅಷ್ಟು ಚೆನ್ನಾಗಿ ಯಾಕೆ ಕೇಳುತ್ತಿತ್ತು ಎಂದೆ. ಅದಕ್ಕೂ ಅವರಲ್ಲಿ ಉತ್ತರವಿತ್ತು. ಮೆಲ್ಲಗಿನ ಸದ್ದಿನಲ್ಲಿ ನಮ್ಮ ಕಿವಿ ಮಂದ್ರವನ್ನೂ ತಾರವನ್ನೂ ಸರಿಯಾಗಿ ಹಿಡಿಯುವುದಿಲ್ಲ, ಮಧ್ಯವನ್ನಷ್ಟೇ ಹಿಡಿಯುತ್ತದೆ. ಹಾಗಾಗಿ ಕೋಣೆಯಲ್ಲಿ ಮಧ್ಯ ತೆಗೆದು ಉಳಿದೆರಡನ್ನು ಏರಿಸಿದರೆ ತುಂಬಿದಂತೆ ಅನಿಸುತ್ತದೆ. ಸೌಂಡು ದೊಡ್ಡದಾದಾಗ ಕಿವಿ ಮೂರನ್ನೂ ಹಿಡಿಯುತ್ತದೆ, ಆಗ ಮಧ್ಯದ ಗುಂಡಿ ಕಾಣುತ್ತದೆ. 1933ರಲ್ಲಿ ಫ್ಲೆಚರ್ ಮತ್ತು ಮನ್ಸನ್ ಎಂಬಿಬ್ಬರು ಇದನ್ನು ಅಳೆದು ಗೆರೆ ಹಾಕಿ ತೋರಿಸಿದರು. ಅವರು ಅಮೆರಿಕದ ಬೆಲ್ ಟೆಲಿಫೋನ್ ಪ್ರಯೋಗಾಲಯದವರು, ಅಪ್ಪನ ಕಸುಬಿನವರೇ.

ಮಂದ್ರ, ಮಧ್ಯ, ತಾರ. ಆಂಪಿನ ಮೇಲೆ ಬೇಸ್, ಮಿಡಲ್, ಟ್ರೆಬಲ್ ಎಂದು ಬರೆದಿರುವುದಕ್ಕೆ ಇದಕ್ಕಿಂತ ಒಳ್ಳೆಯ ಪದ ನನಗೆ ಗೊತ್ತಿಲ್ಲ. ಅಮ್ಮ ದೇವರನಾಮ ಕಲಿಯಲು ಹೋಗುತ್ತಿದ್ದ ಮನೆಯಲ್ಲಿ ಒಂದು ತಂಬೂರಿ ಇತ್ತು. ಟೀಚರು ಅದರ ಕುದುರೆಯ ಮೇಲೆ, ತಂತಿಯ ಕೆಳಗೆ, ಒಂದೆಳೆ ದಾರವನ್ನು ಕೂದಲಿನಷ್ಟು ಅತ್ತ, ಕೂದಲಿನಷ್ಟು ಇತ್ತ ಸರಿಸುತ್ತಿದ್ದರು. ಅದು ಜೀವಾಳ. ದಾರ ಸರಿಯಾದ ಜಾಗಕ್ಕೆ ಬಂದ ಕ್ಷಣ ಮೊಂಡು ಸ್ವರ ಅರಳಿ ಝೇಂಕರಿಸುತ್ತಿತ್ತು. ಗಿಟಾರಿನ ಡಿಸ್ಟಾರ್ಷನ್ ಮಾಡುವುದೂ ಅದನ್ನೇ. ಆಂಪಿಗೆ ತಡೆಯಲಾಗದಷ್ಟು ಸಂಕೇತ ಕೊಟ್ಟಾಗ ಅಲೆಯ ತಲೆ ಚಪ್ಪಟೆಯಾಗುತ್ತದೆ, ಆ ಚಪ್ಪಟೆಯ ಅಂಚುಗಳಿಂದ ಮೂಲದಲ್ಲಿ ಇಲ್ಲದ ಮೇಲ್ಸ್ವರಗಳು ಹುಟ್ಟುತ್ತವೆ. ಮೆಟಲ್‌ನವರು ಪವರ್ ಕಾರ್ಡ್ ಎನ್ನುವುದು ಬರೀ ಷಡ್ಜ ಮತ್ತು ಪಂಚಮ. ತಂಬೂರಿಯದೂ ಅದೇ ಶ್ರುತಿ. ಎರಡರ ಕಂಪನ 2ಕ್ಕೆ 3ರ ಲೆಕ್ಕದಲ್ಲಿರುವುದರಿಂದ, ಡಿಸ್ಟಾರ್ಷನ್‌ನಲ್ಲಿ ಬೆರೆತಾಗ ಅವುಗಳ ವ್ಯತ್ಯಾಸವಾಗಿ ಷಡ್ಜಕ್ಕಿಂತ ಒಂದು ಸ್ಥಾಯಿ ಕೆಳಗಿನ ಸ್ವರವೊಂದು ಯಾರೂ ಮೀಟದೆ ಎದ್ದುಬರುತ್ತದೆ. ಗಾಂಧಾರ ಸೇರಿಸಿ ನೋಡಿ, ಎಲ್ಲ ಕಲೆಸಿಹೋಗುತ್ತದೆ. ಮೆಟಲ್ ಕಡಿಮೆ ಸ್ವರಗಳಲ್ಲಿ ಭಾರ ಹೊರುವುದು ಈ ಕಾರಣಕ್ಕೆ.

2003ರಲ್ಲಿ ಕಾಕ್ಸ್ ಟೌನಿನ ಆಂಗ್ಲೋ ಇಂಡಿಯನ್ ಹಿರಿಯರೊಬ್ಬರು ಆಸ್ಟ್ರೇಲಿಯಾದ ಮಗಳ ಹತ್ತಿರ ಹೊರಟರು. ಕಂಟೋನ್ಮೆಂಟಿನ ಕ್ಲಬ್ಬುಗಳ ನೃತ್ಯಕ್ಕೆ ಒಂದು ಕಾಲದಲ್ಲಿ ಗಿಟಾರ್ ನುಡಿಸುತ್ತಿದ್ದವರು. ಅವರ ವರಾಂಡದಲ್ಲಿ ಬೆಡ್‌ಶೀಟ್ ಹೊದ್ದುಕೊಂಡು ಒಂದು ಮಾರ್ಷಲ್ ಆಂಪು ಕೂತಿತ್ತು. ಜೆಸಿಎಂ 800, ಐವತ್ತು ವ್ಯಾಟಿನದು. ಲಂಡನ್ನಿನ ಹ್ಯಾನ್‌ವೆಲ್‌ನ ಡ್ರಮ್ ಅಂಗಡಿಯವ ಜಿಮ್ ಮಾರ್ಷಲ್ 1962ರಲ್ಲಿ ತನ್ನ ಹುಡುಗರ ಜೊತೆ ಸೇರಿ ಅಮೆರಿಕದ ಫೆಂಡರ್ ಬೇಸ್‌ಮನ್ ನೋಡಿ ಕಟ್ಟಿದ ಆಂಪಿನ ಮೊಮ್ಮಗ ಅದು. 1981ರಿಂದ ಈ ಹೆಸರಿನಲ್ಲಿ ಬಂತು. ಎಂಬತ್ತರ ದಶಕದ ಮೆಟಲ್ ಎಂದರೆ ಬಹುಮಟ್ಟಿಗೆ ಈ ಪೆಟ್ಟಿಗೆಯ ದನಿ. ಐಟಿ ಕೆಲಸಕ್ಕೆ ಸೇರಿದ ಎರಡು ವರ್ಷದ ಉಳಿತಾಯವನ್ನೆಲ್ಲ ಅವರ ಕೈಗಿಟ್ಟೆ. ಅವರು ಎಣಿಸದೆ ಜೇಬಿಗೆ ಹಾಕಿಕೊಂಡು, ಆಂಪಿನ ನೆತ್ತಿಯನ್ನು ಒಮ್ಮೆ ಸವರಿ ಒಳಗೆ ಹೋದರು. ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದೆ.

ತಿಂಗಳೊಳಗೆ ಅದರ ದನಿ ಕೆಮ್ಮತೊಡಗಿತು. ಶಿವಾಜಿನಗರದಲ್ಲಿ, ರಸೆಲ್ ಮಾರ್ಕೆಟ್ಟಿನ ಹಿಂದಿನ ಓಣಿಯಲ್ಲಿ, ಮದುವೆ ಮನೆಯ ಸೌಂಡ್ ಸಿಸ್ಟಮ್ಮುಗಳನ್ನು ರಿಪೇರಿ ಮಾಡುವ ಒಬ್ಬ ಭಾಯಿ ಇದ್ದರು. ಮಸೀದಿಯ ಹಾರ್ನ್, ದೇವಸ್ಥಾನದ ಮೈಕ್ ಸೆಟ್, ಚರ್ಚಿನ ಕೀಬೋರ್ಡು, ಎಲ್ಲ ಒಂದೇ ಮೇಜಿನ ಮೇಲೆ. ನನ್ನ ಮಾರ್ಷಲ್ಲಿನ ಹಿಂಬದಿ ತೆಗೆದು ನೋಡಿದವರೇ, "ವಾಲ್ವ್ ಸೆಟ್! ಎಷ್ಟು ವರ್ಷ ಆಯ್ತು ನೋಡಿ!" ಎಂದು ಕೂಗಿ ಪಕ್ಕದ ಅಂಗಡಿಯವರನ್ನೂ ಕರೆದು ತೋರಿಸಿದರು.

ನನಗೆ ಅವರು ಮೊದಲು ಕಲಿಸಿದ್ದು ಜೀವ ಉಳಿಸಿಕೊಳ್ಳುವುದನ್ನು. ಆ ಪೆಟ್ಟಿಗೆಯೊಳಗೆ 400ಕ್ಕೂ ಮೇಲಿನ ವೋಲ್ಟು ಓಡುತ್ತದೆ, ಪ್ಲಗ್ ಕಿತ್ತಮೇಲೂ ಕೆಪಾಸಿಟರುಗಳಲ್ಲಿ ಉಳಿದಿರುತ್ತದೆ. "ಒಂದು ಕೈ ಜೇಬಲ್ಲಿ ಇಡಿ ಅಣ್ಣಾ. ಎರಡೂ ಕೈ ಒಳಗೆ ಹಾಕಿದ್ರೆ ಕರೆಂಟು ಎದೆ ದಾಟಿ ಹೋಗುತ್ತೆ." ಅವರು ಎಡಗೈ ಜೇಬಿನಲ್ಲಿಟ್ಟು, ಬಲಗೈಯಲ್ಲಿ ವೈರು ಹಚ್ಚಿದ ರೆಸಿಸ್ಟರನ್ನು ಒಂದೊಂದು ಕೆಪಾಸಿಟರಿಗೂ ತಾಗಿಸಿ, ಮೀಟರಿನ ಮುಳ್ಳು ಸೊನ್ನೆಗೆ ಬರುವತನಕ ಕಾಯುವುದನ್ನು ನೋಡಿದೆ. ಮುಳ್ಳು ಬೀಳುವ ವೇಗ ಕಡಿಮೆ. ಅಷ್ಟು ಹೊತ್ತೂ ಅವರು ಉಸಿರು ಬಿಗಿಹಿಡಿದಂತಿತ್ತು. ಸೊನ್ನೆಗೆ ಬಂದಮೇಲೆ "ಹಾಂ" ಎಂದು ಎರಡನೇ ಕೈ ಹೊರತೆಗೆದರು.

ಪವರ್ ವಾಲ್ವುಗಳು ಎರಡು, ಇಎಲ್ 34. ಅವು ಚೆನ್ನಾಗಿದ್ದವು. ಕೆಟ್ಟದ್ದು ಮುಂದಿನ ಸಾಲಿನ ಮೂರು ಪುಟ್ಟ ಇಸಿಸಿ 83ಗಳಲ್ಲಿ ಒಂದು. ಭಾಯಿ ಅಟ್ಟದಿಂದ ಒಂದು ರಟ್ಟಿನ ಪೆಟ್ಟಿಗೆ ಇಳಿಸಿದರು. ಧೂಳು ಊದಿ, ಒಂದು ವಾಲ್ವ್ ತೆಗೆದು ನನ್ನ ಅಂಗೈಯಲ್ಲಿಟ್ಟರು. ಗಾಜಿನ ಮೇಲೆ ಮಾಸಿದ ಅಕ್ಷರ: ಬಿಇಎಲ್. ನಮ್ಮ ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್‌ನವರು ರೇಡಿಯೋ ಕಾಲದಲ್ಲಿ ತಯಾರಿಸಿದ್ದು. ಬೆಂಗಳೂರಿನ ಉತ್ತರದಲ್ಲಿ ಹುಟ್ಟಿದ ವಾಲ್ವು, ಇಂಗ್ಲೆಂಡಿನ ಆಂಪಿನೊಳಗೆ, ಶಿವಾಜಿನಗರದಲ್ಲಿ ಕೂತಿತು. ಆನ್ ಮಾಡಿದಾಗ ಕೇಸರಿ ಬಣ್ಣದ ಎಳೆ ಮೆಲ್ಲಗೆ ಬೆಳಗಿತು. ತಂತಿ ಮೀಟಿದೆ. ಓಣಿಯ ಕೊನೆಯ ಕೋಳಿ ಅಂಗಡಿಯವನು ತಿರುಗಿ ನೋಡಿದ. ಆ ವಾಲ್ವು ಹದಿನೈದು ವರ್ಷ ದುಡಿಯಿತು.

ಹಲಸೂರು ಕೆರೆಯ ಹತ್ತಿರ, ಬೇಸ್ ನುಡಿಸುವ ಗೆಳೆಯನ ಮನೆಯ ಕಾರ್ ಶೆಡ್ಡು ನಮ್ಮ ಜಾಮ್ ರೂಮು. ಗೋಡೆಗೆ ಹಳೆ ಹತ್ತಿ ಹಾಸಿಗೆಗಳು. ಅಲ್ಲಿ ನಾನು ಹಳೆಯ ಮೆಟಲ್‌ನ ಹದ ಕಲಿತೆ. ಬೇಸ್ ಅರ್ಧಕ್ಕಿಂತ ಕೆಳಗೆ, ಮಧ್ಯ ಏಳರಿಂದ ಎಂಟು, ಟ್ರೆಬಲ್ ಆರು. ಗೇನ್, ಅಂದರೆ ಡಿಸ್ಟಾರ್ಷನ್ ಹೆಚ್ಚಿಸುವ ತಿರುಗಣೆ, ನಾವು ಅಂದುಕೊಂಡದ್ದಕ್ಕಿಂತ ಎಷ್ಟೋ ಕಡಿಮೆ. ಒಬ್ಬನೇ ಕೂತು ಕೇಳಿದರೆ ಅದು ಒರಟು, ಮೂಗಿನಲ್ಲಿ ಮಾತಾಡಿದ ಹಾಗೆ. ಡ್ರಮ್ಸು ಶುರುವಾದ ಕೂಡಲೇ ಅದೇ ದನಿ ನೆಟ್ಟಗೆ ಎದ್ದು ನಿಲ್ಲುತ್ತದೆ. ಮಾರ್ಷಲ್ಲಿನ ಮೂರು ತಿರುಗಣೆಗಳು ಏನನ್ನೂ ಸೇರಿಸುವುದಿಲ್ಲ, ಮೂರೂ ಕಳೆಯುವಂಥವೇ. ಎಲ್ಲವನ್ನೂ ಸೊನ್ನೆಗೆ ತಂದರೆ ಆಂಪು ಬಹುತೇಕ ಮೂಕವಾಗುತ್ತದೆ. ಇದು ಗೊತ್ತಾದಮೇಲೆ ತಿರುಗಣೆ ಮುಟ್ಟುವಾಗ ನನ್ನ ಕೈ ಬೇರೆಯಾಯಿತು. ಸಂಜೆ ಏಳರ ಮೇಲೆ ಹಲಸೂರಿನಲ್ಲಿ ವೋಲ್ಟೇಜು ಬೀಳುತ್ತಿತ್ತು. ಬಲ್ಬು ಕೆಂಪಾದಾಗ ಆಂಪೂ ಮೆತ್ತಗಾಗಿ, ಸ್ವರ ಒತ್ತಿಕೊಂಡು ಹಿಗ್ಗುತ್ತಿತ್ತು. ಸಬ್ಬತ್ ಹಾಡುಗಳನ್ನು ನಾವು ಆ ಹೊತ್ತಿಗೇ ಇಟ್ಟುಕೊಳ್ಳುತ್ತಿದ್ದೆವು.

ಸ್ಪೀಕರಿನದೂ ಒಂದು ಮಾತು. ಗಿಟಾರಿನ ಸ್ಪೀಕರು ಸುಮಾರು 5,000 ಕಂಪನದ ಮೇಲೆ ಬಲ ಕಳೆದುಕೊಳ್ಳುತ್ತದೆ, ಅದಕ್ಕೇ ಡಿಸ್ಟಾರ್ಷನ್ ಕಿವಿಗೆ ಹಿತ. ಪೆಡಲನ್ನು ನೇರವಾಗಿ ಸಭೆಯ ಹಾರ್ನಿಗೆ ಚುಚ್ಚಿದರೆ ಜೇನುಗೂಡಿಗೆ ಕಲ್ಲು ಹೊಡೆದಂತಾಗುತ್ತದೆ. ಅಪ್ಪ ಇದನ್ನು ಕೇಳಿ ಸಂತೋಷಪಟ್ಟರು. "ನಿಂದೂ ಫೋನಿನ ಹಾಗೇ ಬಿಡು, ಸ್ವಲ್ಪ ಅಗಲ ಅಷ್ಟೇ."

2007ರ ಮಾರ್ಚ್ 17ರಂದು ಅರಮನೆ ಮೈದಾನದಲ್ಲಿ ಐರನ್ ಮೇಡನ್. ಆ ಸಂಜೆಯ ಬಗ್ಗೆ ಬೆಂಗಳೂರಿನ ನನ್ನ ತಲೆಮಾರಿನ ಯಾರನ್ನೇ ಕೇಳಿ, ಕಣ್ಣು ತುಂಬಿಕೊಂಡು ಹೇಳುತ್ತಾರೆ. ನನಗೆ ಮರೆಯಲಾಗದ್ದು ಒಂದೇ. ಮೂರು ಗಿಟಾರು, ಮರ್ರೆ, ಸ್ಮಿತ್, ಗರ್ಸ್. ಮೈದಾನದ ಅಷ್ಟು ಹಿಂದೆ ನಿಂತಿದ್ದರೂ ಮೂರನ್ನೂ ಬೇರೆಬೇರೆಯಾಗಿ ಎಣಿಸಬಹುದಿತ್ತು, ಮೂವರು ಪರಿಚಿತರು ಒಂದೇ ಕೋಣೆಯಲ್ಲಿ ಮಾತಾಡಿದ ಹಾಗೆ. ಯಾರ ಮಧ್ಯವೂ ಖಾಲಿಯಿರಲಿಲ್ಲ. ನಮ್ಮೂರಿನ ಕ್ರಿಪ್ಟೋಸ್ ಬ್ಯಾಂಡು 1998ರಿಂದ ಹಿಡಿದುಕೊಂಡು ಬಂದಿರುವುದೂ ಈ ದಾರಿಯನ್ನೇ. 2013ರಲ್ಲಿ ಅವರು ಜರ್ಮನಿಯ ವಾಕೆನ್ ಉತ್ಸವದಲ್ಲಿ ನುಡಿಸಿದಾಗ, ಹಳೆಯ ಹದದ ಗಿಟಾರಿನ ಮೇಲೆ ನನಗಿದ್ದ ನಂಬಿಕೆಗೆ ಬಲ ಬಂತು.

ಆದರೆ ಮೇಡನ್ ಬಂದುಹೋದ ಹೊತ್ತಿಗೇ ಹೊಸ ಮೆಟಲ್ ನನ್ನನ್ನೂ ಕರೆಯುತ್ತಿತ್ತು. ಗಿಟಾರಿನ ದಪ್ಪ ತಂತಿಯ ಮಾಮೂಲಿ ಶ್ರುತಿ 82 ಕಂಪನ. ಹೊಸಬರು ಅದನ್ನು 65ಕ್ಕೆ, 62ಕ್ಕೆ ಇಳಿಸಿದರು. ಎಂಟು ತಂತಿಯ ಗಿಟಾರಿನಲ್ಲಿ 46ಕ್ಕೇ ಹೋಯಿತು. ಬೇಸ್ ಗಿಟಾರಿನ ತಳ 41. ಅಂದರೆ ಗಿಟಾರು ಬೇಸಿನವನ ಮನೆಯ ಹೊಸ್ತಿಲು ದಾಟಿ ಒಳಗೆ ಬಂದಿತ್ತು. ನಾನು ತಂತಿ ಇಳಿಸಿ ಮಾರ್ಷಲ್ಲಿಗೆ ಚುಚ್ಚಿ ಗೇನ್ ಏರಿಸಿದರೆ, ಒತ್ತಿ ಹೊಡೆದ ಪ್ರತಿ ಹೊಡೆತವೂ ಕೆಸರಿನಲ್ಲಿ ಕಾಲಿಟ್ಟಂತೆ ಕೇಳುತ್ತಿತ್ತು. ಬೇಸ್ ತಿರುಗಣೆಯನ್ನು ಸೊನ್ನೆಗೆ ತಂದೆ. ಕೆಸರು ತೆಳುವಾಯಿತು, ಕೆಸರಾಗಿಯೇ ಉಳಿಯಿತು.

ಇದಕ್ಕೆ ದಾರಿ ತೋರಿದವರು ಹಲಸೂರಿನ ತಮಟೆಯವರು. ಬೇಸಿಗೆಯ ಹೂವಿನ ಪಲ್ಲಕ್ಕಿಯ ರಾತ್ರಿ, ಸೋಮೇಶ್ವರ ದೇವಸ್ಥಾನದ ಬೀದಿಯಲ್ಲಿ, ಮೆರವಣಿಗೆ ಹೊರಡುವ ಮೊದಲು ಅವರು ಮೋರಿಯ ಪಕ್ಕ ರದ್ದಿ ಕಾಗದಕ್ಕೆ ಬೆಂಕಿ ಹಚ್ಚಿ ತಮಟೆ ಕಾಯಿಸುತ್ತಿದ್ದರು. ಚರ್ಮವನ್ನು ಬೆಂಕಿಯ ಮೇಲೆ ತಿರುಗಿಸಿ, ಬೆರಳಲ್ಲಿ ಮಿಡಿದು, ಮತ್ತೆ ತಿರುಗಿಸಿ, ಮತ್ತೆ ಮಿಡಿದು. ದಬದಬ ಎನ್ನುತ್ತಿದ್ದದ್ದು ಟಣ್ ಎನ್ನುವತನಕ. ನಾನು ಹುಡುಗನೊಬ್ಬನನ್ನು ಕೇಳಿದೆ, ಇನ್ನೂ ಜೋರಾಗಿ ಹೊಡೆದರೆ ಆಗುವುದಿಲ್ಲವೇ ಎಂದು. "ಸಡಿಲ ಇದ್ರೆ ಎಷ್ಟು ಹೊಡೆದ್ರೂ ಸಡಿಲಾನೇ ಅಣ್ಣ. ಹೊಡೆಯೋಕ್ ಮುಂಚೇನೇ ಬಿಗಿ ಆಗ್ಬೇಕು."

ಹೊಡೆಯುವುದಕ್ಕೆ ಮುಂಚೆ. ಅವತ್ತು ರಾತ್ರಿಯೇ ಶೆಡ್ಡಿಗೆ ಹೋಗಿ ನನ್ನ ಹಸಿರು ಟ್ಯೂಬ್ ಸ್ಕ್ರೀಮರ್ ಪೆಡಲನ್ನು ಆಂಪಿನ ಮುಂದೆ ಜೋಡಿಸಿದೆ. 1979ರ ಹೊತ್ತಿಗೆ ಜಪಾನಿನಿಂದ ಬಂದ ಆ ಪೆಡಲು 720 ಕಂಪನಕ್ಕಿಂತ ಕೆಳಗಿನ ಸ್ವರಗಳಿಗೆ ಕಡಿಮೆ ಗೇನ್ ಕೊಡುತ್ತದೆ, ಮಧ್ಯವನ್ನು ಉಬ್ಬಿಸುತ್ತದೆ. ಅದರ ಡಿಸ್ಟಾರ್ಷನ್ ಸೊನ್ನೆ, ಲೆವೆಲ್ ಪೂರಾ. ಈಗ ಆಂಪಿನ ವಾಲ್ವಿಗೆ ಮುಟ್ಟುವ ಮೊದಲೇ ಮಂದ್ರ ಸಪೂರವಾಗಿತ್ತು. ಒಂದು ಹೊಡೆತ ಹೊಡೆದೆ. ಬಾಗಿಲು ಬಡಿದಂತೆ ಸದ್ದಾಗಿ ಅಲ್ಲಿಗೇ ನಿಂತಿತು. ಗೆಳೆಯ ಬೇಸ್ ಕೆಳಗಿಟ್ಟು ನನ್ನನ್ನೇ ನೋಡಿದ.

ಆಮೇಲೆ ಕಾರಣ ಬಿಡಿಸಿ ನೋಡಿಕೊಂಡೆ. ಡಿಸ್ಟಾರ್ಷನ್ ಆಗುವ ಜಾಗದಲ್ಲಿ ಮಂದ್ರ ತುಂಬಿದ್ದರೆ ಅದೇ ಎಲ್ಲ ಜಾಗ ತಿಂದು, ಮೇಲಿನ ಸ್ವರಗಳನ್ನೂ ತನ್ನ ಜೊತೆ ಅಲ್ಲಾಡಿಸಿ ಗೊಜ್ಜು ಮಾಡುತ್ತದೆ. ಒಮ್ಮೆ ಗೊಜ್ಜಾದಮೇಲೆ ಯಾವ ತಿರುಗಣೆಯಿಂದಲೂ ಬೇರ್ಪಡಿಸಲಾಗದು. ಮಾರ್ಷಲ್ಲಿನ ಬೇಸ್ ತಿರುಗಣೆ ಇರುವುದು ಗೇನ್ ಹಂತಗಳ ಆಚೆ. ನಾನು ಗೊಜ್ಜಾದದ್ದನ್ನು ಸೋಸುತ್ತಿದ್ದೆ. ಮೆಟಾಲಿಕಾದ 1986ರ 'ಮಾಸ್ಟರ್ ಆಫ್ ಪಪೆಟ್ಸ್'ನ ಹಿಂದೆ ಇದ್ದ ಮೆಸಾ ಬೂಗಿಯ ಮಾರ್ಕ್ 2ಸಿ ಪ್ಲಸ್ ಆಂಪಿನಲ್ಲಿ ಇದು ತಿರುಗುಮುರುಗು. ಅದರ ತಿರುಗಣೆಗಳು ಮುಖ್ಯ ಗೇನಿನ ಮುಂಚೆ ಬರುತ್ತವೆ, ಆದ್ದರಿಂದ ಅಲ್ಲಿ ಬೇಸನ್ನು ಒಂದಕ್ಕೋ ಎರಡಕ್ಕೋ ಇಳಿಸುತ್ತಾರೆ. ಗೇನ್ ಆದಮೇಲೆ ಐದು ಜಾರುಗುಂಡಿಗಳು, 80, 240, 750, 2,200, 6,600. ಕಳೆದ ಮಂದ್ರವನ್ನು ಶುದ್ಧವಾಗಿ ಅಲ್ಲಿ ಮತ್ತೆ ಕೂಡಿಸುತ್ತಾರೆ, 750ರ ಗುಂಡಿಯನ್ನು ಬೇಕಾದಷ್ಟು ತಗ್ಗಿಸುತ್ತಾರೆ. ಹುಡುಗನಾಗಿದ್ದಾಗ ಕ್ಯಾಸೆಟ್ಟಿನಲ್ಲಿ ನಾನು ಕೇಳಿದ ಆ ತಗ್ಗು ನಿಜವೇ. ಅದು ಎಲ್ಲಿ ಆಗಿತ್ತು, ಯಾವುದಾದಮೇಲೆ ಆಗಿತ್ತು, ಎಷ್ಟು ಮಟ್ಟಿಗೆ ಆಗಿತ್ತು ಎನ್ನುವುದು ನನಗೆ ಗೊತ್ತಿರಲಿಲ್ಲ. ಹಳೆಯ ಹದಕ್ಕೂ ಹೊಸ ಹದಕ್ಕೂ ಇರುವ ವ್ಯತ್ಯಾಸವನ್ನು ಜನ ಗೇನಿನಲ್ಲಿ ಹುಡುಕುತ್ತಾರೆ. ನನ್ನ ಮಟ್ಟಿಗೆ ಅದಿರುವುದು ಮಂದ್ರವನ್ನು ಯಾವ ಹಂತದಲ್ಲಿ ಕತ್ತರಿಸುತ್ತೇವೆ ಎನ್ನುವಲ್ಲಿ.

2010ರ ಮೇನಲ್ಲಿ ಅದೇ ಅರಮನೆ ಮೈದಾನದಲ್ಲಿ ಲ್ಯಾಂಬ್ ಆಫ್ ಗಾಡ್ ಬ್ಯಾಂಡು ನುಡಿಸಿದಾಗ ಕತ್ತರಿಯ ಆ ಬಿಗಿಯನ್ನು ಎದೆಯಲ್ಲಿ ಕೇಳಿದೆ. ಕಾಲಿನ ಡ್ರಮ್ಮು ಮತ್ತು ಗಿಟಾರು ಒಂದೇ ಸುತ್ತಿಗೆಯಾಗಿ ಬೀಳುತ್ತಿದ್ದವು, ನಡುವೆ ಪೂರ್ತಿ ಮೌನ. ಮುಂದಿನ ವರ್ಷ ಅಕ್ಟೋಬರ್ 30ಕ್ಕೆ ಮೆಟಾಲಿಕಾ. ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ನಮ್ಮ ಮೆಟ್ರೋ ಓಡತೊಡಗಿ ಆಗಷ್ಟೇ ಹತ್ತು ದಿನವಾಗಿತ್ತು. ಕಪ್ಪು ಟೀ ಶರ್ಟಿನ ಹುಡುಗರೂ, ಮೊದಲ ಸಲ ಮೆಟ್ರೋ ನೋಡಲು ಬಂದ ಅಜ್ಜಿಯರೂ, ಮೊಮ್ಮಕ್ಕಳೂ ಒಂದೇ ಬೋಗಿಯಲ್ಲಿ ಹಲಸೂರನ್ನು ಮೇಲಿನಿಂದ ನೋಡುತ್ತ ಹೋದೆವು. ನಮ್ಮ ಶೆಡ್ಡಿನ ತಗಡು ಕಾಣುತ್ತದೇನೋ ಎಂದು ನಾನು ಕಿಟಕಿಗೆ ಹಣೆ ಹಚ್ಚಿದ್ದೆ.

ಆ ಶೆಡ್ಡು ಈಗಿಲ್ಲ. ಭಾಯಿಯ ಓಣಿಯಲ್ಲಿ ಮೊಬೈಲ್ ಕವರು ಮಾರುತ್ತಾರೆ. ನಾನು ರಾಮಮೂರ್ತಿನಗರದ ಮನೆಯ ಒಂದು ಕೋಣೆಯಲ್ಲಿ ಭಾನುವಾರಗಳಂದು ಹುಡುಗರಿಗೆ ಗಿಟಾರು, ರೆಕಾರ್ಡಿಂಗು ಹೇಳಿಕೊಡುತ್ತೇನೆ. ಅವರ ಆಂಪುಗಳೆಲ್ಲ ಕಂಪ್ಯೂಟರಿನೊಳಗೆ. ಮಾರ್ಷಲ್, ಮೆಸಾ, ಪೀವಿ 5150, ಬೇಕಾದ್ದನ್ನು ಒತ್ತಿದರೆ ಬರುತ್ತದೆ. ನನಗೆ ಇದರ ಬಗ್ಗೆ ತಕರಾರಿಲ್ಲ. 400 ವೋಲ್ಟಿನ ಭಯವಿಲ್ಲದೆ ಒಬ್ಬ ಹದಿನೈದರ ಹುಡುಗ ಹಳೆಯ ಆಂಪುಗಳ ಗುಣವನ್ನು ಪಕ್ಕಪಕ್ಕ ಇಟ್ಟು ಕೇಳಬಹುದೆಂದರೆ ಅದು ದೊಡ್ಡ ವರ.

ಹೋದ ತಿಂಗಳು ಮಹದೇವಪುರದ ಹುಡುಗನೊಬ್ಬ ಎಂಟು ತಂತಿಯ ಗಿಟಾರಿನಲ್ಲಿ ತನ್ನ ಹಾಡು ಮಾಡಿಕೊಂಡು ಬಂದ. ಹೆಡ್‌ಫೋನಿನಲ್ಲಿ ಅದ್ಭುತವಾಗಿತ್ತು. ನಾನು ಕಪಾಟಿನಿಂದ ಅಪ್ಪನ ರಿಸೀವರ್ ತೆಗೆದೆ. ಅದರ ಕಿವಿಯ ಭಾಗಕ್ಕೆ ವೈರು ಬೆಸೆದು ಮಿಕ್ಸ್ ಪರೀಕ್ಷಿಸಲು ಇಟ್ಟುಕೊಂಡಿದ್ದೇನೆ. ಹುಡುಗ ಅದನ್ನು ಕಿವಿಗೆ ಹಿಡಿದ. ಡ್ರಮ್ಮು ಬಂತು, ಹಾಡುಗಾರನ ಕೂಗು ಬಂತು. "ಅಂಕಲ್, ಗಿಟಾರ್ ಎಲ್ಲಿ?" ಎಂದ.

ನಾನು ಜಾಗ ಬಿಟ್ಟುಕೊಟ್ಟು ಅವನನ್ನೇ ಕೂರಿಸಿದೆ. ಆಂಪಿನ ಮುಂಚೆ ಮಂದ್ರ ಕತ್ತರಿಸಿದ, ಗೇನನ್ನು ಅರ್ಧಕ್ಕೆ ಇಳಿಸಿದ, ತಗ್ಗಿಸಿದ್ದ 750ನ್ನು ಮೆಲ್ಲಗೆ ಮೇಲೆತ್ತಿದ. ಒಂದು ಕೈಯಲ್ಲಿ ಮೌಸು, ಇನ್ನೊಂದರಲ್ಲಿ ರಿಸೀವರ್, ತಲೆ ಓರೆ. ಮಧ್ಯಾಹ್ನದ ನಿದ್ದೆ ಮುಗಿಸಿ ಅಪ್ಪ ಬಂದು ಬಾಗಿಲಲ್ಲಿ ನಿಂತಿದ್ದರು. ಅವರಿಗೀಗ ತಾರ ಸ್ವರಗಳು ಕೇಳುವುದಿಲ್ಲ. ಕೈ ಚಾಚಿದರು. ಹುಡುಗ ಎದ್ದು ನಿಂತು ರಿಸೀವರ್ ಕೊಟ್ಟ. ಅಪ್ಪ ಹಳೆಯ ಅಭ್ಯಾಸದಂತೆ ಅದನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು, ಕಣ್ಣು ಮುಚ್ಚಿ, ಹಾಡು ಮುಗಿಯುವತನಕ ಬಾಗಿಲ ಚೌಕಟ್ಟಿನ ಮೇಲೆ ಬೆರಳಲ್ಲಿ ತಾಳ ಹಾಕಿದರು.

"ಮಾತಾಡ್ತಿದೆ" ಎಂದರು. "ಇನ್ನೊಂದು ಸಲ ಹಾಕಪ್ಪ."